ಸಿಂಧನೂರಿನ ನಮ್ಮ ಜೆರಾಕ್ಸ್ ಅಂಗಡಿಯ ಹಳೆ ಕಂಪ್ಯೂಟರಿನಲ್ಲಿ ಪಹಣಿ, ಬ್ಯಾಂಕ್, ಏನೇ ತೆರೆದರೂ ‘ಸಂಪರ್ಕ ಸುರಕ್ಷಿತವಲ್ಲ’ ಎಂದು ಬರುತ್ತಿದೆ. ಅದೇ ವೈಫೈಯಲ್ಲಿ ಮೊಬೈಲ್ ಸರಿಯಿದೆ. ಏನು ಮಾಡಬೇಕು?

ನೆಟ್ ಬಿಡಿ, ಮೊದಲು ಕಂಪ್ಯೂಟರಿನ ತಾರೀಕು ನೋಡಿ. ಸೈಟು ಅಸಲಿಯೆಂದು ಬ್ರೌಸರಿಗೆ ತೋರಿಸುವ ಭದ್ರತಾ ಪ್ರಮಾಣಪತ್ರಕ್ಕೆ ಆರಂಭದ ದಿನ, ಮುಗಿಯುವ ದಿನ ಇರುತ್ತದೆ. ಗಡಿಯಾರ ಹಳೆಯ ವರ್ಷ ತೋರಿಸಿದರೆ ಬ್ರೌಸರ್ ಅದನ್ನು ಒಪ್ಪುವುದಿಲ್ಲ. ವಿಂಡೋಸ್ 10 ಆದರೆ ಮೂಲೆಯ ಗಡಿಯಾರದ ಮೇಲೆ ರೈಟ್ ಕ್ಲಿಕ್ ಮಾಡಿ, ತಾರೀಕಿನ ಸೆಟ್ಟಿಂಗ್ ತೆರೆದು ‘ಸಿಂಕ್ ನೌ’ ಒತ್ತಿ.

ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಕು ಹಿಂದಕ್ಕೆ ಹೋಗುತ್ತಿದ್ದರೆ ಗಡಿಯಾರ ನಡೆಸುವ ಮದರ್‌ಬೋರ್ಡಿನ (ಒಳಗಿನ ಮುಖ್ಯ ಬೋರ್ಡಿನ) ಸೆಲ್ ಮುಗಿದಿರುತ್ತದೆ. ಹೆಚ್ಚಿನ ಡೆಸ್ಕ್‌ಟಾಪ್‌ಗಳಿಗೆ ಸಿಆರ್2032, 3 ವೋಲ್ಟಿನ ಗುಂಡು ಸೆಲ್ ಸಾಕು. ಪ್ಲಗ್ ಕಿತ್ತ ಮೇಲೆಯೇ ಬದಲಿಸಿ, ಹಳೆಯದು ಕೂತಿದ್ದ ದಿಕ್ಕಿನಲ್ಲೇ ಕೂರಿಸಿ.

ತಾರೀಕು ಸರಿಯಿದ್ದೂ ಹೀಗಾದರೆ ಆಂಟಿವೈರಸ್‌ನ ಎಚ್‌ಟಿಟಿಪಿಎಸ್ ಸ್ಕ್ಯಾನ್ (ಸುರಕ್ಷಿತ ಸೈಟುಗಳ ಸಂಪರ್ಕವನ್ನು ನಡುವೆ ತೆರೆದು ಪರೀಕ್ಷಿಸುವ ಸೌಲಭ್ಯ) ಮೇಲೆ ಅನುಮಾನಪಡಿ. ಎಚ್ಚರಿಕೆ ದಾಟಿ ಮುಂದೆ ಹೋಗುವ ಆಯ್ಕೆ ಮಾತ್ರ ಒತ್ತಲೇಬೇಡಿ: ಗಿರಾಕಿಗಳ ಆಧಾರ್, ಪಾಸ್‌ವರ್ಡ್ ನಡುವೆ ಯಾರಾದರೂ ಕದಿಯುತ್ತಿದ್ದರೂ ಬರುವುದು ಇದೇ ಎಚ್ಚರಿಕೆ.