ರೇಡಿಯೇಷನ್ ಜೊತೆ ಶಾಖ ಕೊಟ್ಟರೆ ಗಡ್ಡೆಗೆ ಹೆಚ್ಚು ಪೆಟ್ಟು ಬೀಳುತ್ತದೆಯೇ?
ಮಡಿಕೇರಿಯಿಂದ ನೀವು ಕೇಳಿದ್ದು: ಅಮ್ಮನಿಗೆ ರೇಡಿಯೇಷನ್ ನಡೆಯುತ್ತಿದೆ, ಗಡ್ಡೆಯ ಮೇಲೆ ಬಿಸಿನೀರಿನ ಚೀಲ ಇಡಬಹುದೇ?

ಶಾಖದ ಮಾತು ನಿಜ. ವಿಕಿರಣ ಜೀವಕೋಶದ ಡಿಎನ್‌ಎ ಎಳೆಗಳನ್ನು ತುಂಡರಿಸುತ್ತದೆ. ಕೋಶ ಕೂಡಲೇ ರಿಪೇರಿಗೆ ಇಳಿಯುತ್ತದೆ. ಸುಮಾರು ಒಂದು ಗಂಟೆ 41–43 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಟ್ಟರೆ ಆ ರಿಪೇರಿಯ ಪ್ರೋಟೀನುಗಳೇ ಕೈಕೊಡುತ್ತವೆ, ಬಿಆರ್‌ಸಿಎ2 ಅಂಥದ್ದೊಂದು. ರಕ್ತಸಂಚಾರವೂ ಹೆಚ್ಚಿ, ಆಮ್ಲಜನಕ ಸಾಲದೆ ವಿಕಿರಣಕ್ಕೆ ಜಗ್ಗದಿದ್ದ ಕೋಶಗಳು ಜಗ್ಗುತ್ತವೆ.

ಆದರೆ ದಯವಿಟ್ಟು ಮನೆಯಲ್ಲಿ ಮಾಡಬೇಡಿ. ಕೊಡಗಿನ ಮಳೆಗಾಲದ ಚಳಿಗೆ ಆ ಚೀಲ ಹಿತವೆನಿಸೀತು. ಅದರ ಬಿಸಿ ಆಳದ ಗಡ್ಡೆಗೆ ಮುಟ್ಟುವುದಿಲ್ಲ, ವಿಕಿರಣದಿಂದ ಕೆಂಪಾಗಿ ಒಣಗಿದ ಚರ್ಮದ ಮೇಲೆ ಗುಳ್ಳೆ ಏಳುತ್ತದೆ. ಆಸ್ಪತ್ರೆಯಲ್ಲಾದರೆ ಮೈಕ್ರೋವೇವ್ ಯಂತ್ರದಿಂದ, ಉಷ್ಣತೆ ಅಳೆಯುತ್ತಲೇ ಕೊಡುತ್ತಾರೆ. ಅಮ್ಮನಿಗೆ ಅದು ಹೊಂದುತ್ತದೆಯೇ ಎಂದು ರೇಡಿಯೇಷನ್ ಡಾಕ್ಟರನ್ನೇ ಕೇಳಿ.