ಮನೆಯಲ್ಲೇ ಪಾಠ: ನಳಕ್ಕೆ ನೀರು ಬರುವ ದಿನವೂ ನಡೆಯುವ ದಿನಚರಿ

ಪ್ರಶ್ನೆ: ನಮ್ಮದು ಕಲಬುರಗಿಯ ಹಳೆಯ ಬಡಾವಣೆಯೊಂದರಲ್ಲಿರುವ ಕೂಡು ಕುಟುಂಬ. 7 ವರ್ಷದ ಮಗಳನ್ನೂ ನಾಲ್ಕೂವರೆ ವರ್ಷದ ಮಗನನ್ನೂ ಈ ವರ್ಷ ಮನೆಯಲ್ಲೇ ಓದಿಸುತ್ತಿದ್ದೇನೆ. ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ, ಶಾಲೆಯಂತೆಯೇ 40 ನಿಮಿಷಕ್ಕೊಂದು ಅವಧಿಯ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಅದು 10 ದಿನವೂ ನಡೆಯಲಿಲ್ಲ. ನಳಕ್ಕೆ ನೀರು ಬಂದರೆ ಎಲ್ಲವನ್ನೂ ಬಿಟ್ಟು ಓಡಬೇಕು, ಊರಿನಿಂದ ನೆಂಟರು ಬರುತ್ತಾರೆ, ಮಗಳು ಬರೆಯಲು ಕುಳಿತಾಗಲೇ ಮಗ ಪೆನ್ಸಿಲ್ ಕಿತ್ತುಕೊಳ್ಳುತ್ತಾನೆ. ಪಾಠ ತಪ್ಪಿದ ರಾತ್ರಿ ಮಕ್ಕಳಿಗೆ ಅನ್ಯಾಯ ಮಾಡುತ್ತಿದ್ದೇನೆಯೇ ಎಂಬ ಭಯ ಕಾಡುತ್ತದೆ. ನಮ್ಮಂಥ ಮನೆಗೆ ಹೊಂದುವ ದಿನಚರಿಯನ್ನು ಹೇಗೆ ರೂಪಿಸಿಕೊಳ್ಳಲಿ?
— ಓದುಗರೊಬ್ಬರು, ಕಲಬುರಗಿ

ಉತ್ತರ: ಸೋದರಿ, ಮುರಿದುಬಿದ್ದದ್ದು ಗೋಡೆಯ ಮೇಲಿನ ಪಟ್ಟಿಯೇ ಹೊರತು ನಿಮ್ಮ ಶ್ರದ್ಧೆಯಲ್ಲ. ಶಾಲೆಯ 40 ನಿಮಿಷದ ಅವಧಿಯಲ್ಲಿ ಹಾಜರಿ ಕರೆಯುವುದು, ಪುಸ್ತಕ ತೆಗೆಸುವುದು, ಗದ್ದಲ ಅಡಗಿಸುವುದು, ಒಬ್ಬೊಬ್ಬರ ಬರಹವನ್ನು ತಿದ್ದುವುದು ಎಲ್ಲವೂ ಸೇರಿರುತ್ತವೆ. ಎದುರಿಗೆ ಒಂದೇ ಮಗು ಕುಳಿತಿರುವಾಗ ಅದೇ ಪಾಠಕ್ಕೆ 15–20 ನಿಮಿಷ ಸಾಕು. ನಿಮ್ಮ ಮಗಳಿಗೆ ದಿನಕ್ಕೆ ಒಂದೂವರೆ ಗಂಟೆ ಕುಳಿತು ಕಲಿಯುವ ಪಾಠ, ಅದೂ ಬಿಡಿಬಿಡಿಯಾಗಿ, ಧಾರಾಳವಾಯಿತು ಎಂಬುದು ನನ್ನ ಅಭಿಪ್ರಾಯ. ಮಗನಿಗಂತೂ ಅಂಥ ಪಾಠ ಈಗಲೇ ಬೇಡ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 3ರಿಂದ 8 ವರ್ಷದವರೆಗಿನ ಕಾಲವನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿ, ಆಟ ಮತ್ತು ಚಟುವಟಿಕೆಗಳ ಮೂಲಕ ಕಲಿಸಬೇಕೆಂದು ಹೇಳುತ್ತದೆ.

ಇನ್ನು ಮುಂದೆ ಗಡಿಯಾರವನ್ನು ಬಿಟ್ಟು ಸರದಿಯನ್ನು ಹಿಡಿಯಿರಿ. ನಿಮ್ಮ ಮನೆಯಲ್ಲಿ ಯಾರೂ ಪಟ್ಟಿ ಬರೆಯದಿದ್ದರೂ ದಿನವೂ ತಪ್ಪದೆ ನಡೆಯುವ ಕೆಲಸಗಳಿವೆ. ಪಾಠಗಳನ್ನು ಅವುಗಳಿಗೆ ಜೋಡಿಸಿ. ನೀವು ರೊಟ್ಟಿ ಬಡಿಯುವಾಗ ಮಗಳು ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಓದಲಿ, ಮಗನ ಕೈಗೆ ಜೋಳದ ಹಿಟ್ಟಿನ ಒಂದು ಉಂಡೆ ಕೊಡಿ. ಅದನ್ನು ನಾದಿ ತಟ್ಟುವ ಬೆರಳುಗಳೇ ನಾಳೆ ಬಳಪವನ್ನು ಬಿಗಿಯಾಗಿ ಹಿಡಿಯುತ್ತವೆ. ನಾಷ್ಟಾ ಮುಗಿದ ಮೇಲೆ ಬರವಣಿಗೆ ಮತ್ತು ಲೆಕ್ಕ, ಮಧ್ಯಾಹ್ನದ ಊಟದ ನಂತರ ಅತ್ತೆಯವರ ಬಾಯಿಂದ ಒಂದು ಕಥೆ, ಸಂಜೆ ಆಟ. ನಾಷ್ಟಾ 8ಕ್ಕೇ ಆಗಲಿ, 10ಕ್ಕೇ ಆಗಲಿ, ಅದರ ಹಿಂದೆಯೇ ಬರವಣಿಗೆ ಬರುತ್ತದೆಂದು ಮಕ್ಕಳಿಗೆ ತಿಳಿದಿದ್ದರೆ ಸಾಕು.

ನಡುವೆ ನೀರು ಬಂದರೆ ಪುಸ್ತಕದಲ್ಲಿ ಗುರುತಿಟ್ಟು ಎದ್ದುಬಿಡಿ, ಮರಳಿ ಬಂದಾಗ ಆ ಗುರುತಿನಿಂದಲೇ ಮುಂದುವರಿಸಿ. ಪಟ್ಟಿಯ ಪ್ರಕಾರ ಈಗ ಬೇರೆ ವಿಷಯದ ಅವಧಿಯೆಂದು ಅದಕ್ಕೆ ಹಾರುವುದರಿಂದಲೇ ಪಾಠ ತಪ್ಪಿತೆಂಬ ಭಾವನೆ ಹುಟ್ಟುತ್ತದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಪ್ರತಿ ಮಗುವೂ ಕಲಿಕೆಯ ಏಣಿಯನ್ನು ತನ್ನದೇ ವೇಗದಲ್ಲಿ ಏರುತ್ತದೆ. ನಾಲ್ಕು ದಿನ ಗೈರುಹಾಜರಾದ ಮಗುವೂ ತಾನು ನಿಂತಿದ್ದ ಮೆಟ್ಟಿಲಿನಿಂದಲೇ ಮುಂದೆ ಸಾಗುತ್ತದೆ. ನಮ್ಮ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಿಗೆ ಒಗ್ಗಿದ ಈ ಕ್ರಮ ಮನೆಗೂ ಒಗ್ಗುತ್ತದೆ. ನೀರು ಹಿಡಿಯುವಾಗ ಮಕ್ಕಳನ್ನು ಜೊತೆಗೆ ಕರೆದುಕೊಳ್ಳಿ. ಒಂದು ಕೊಡ ತುಂಬಲು ಎಷ್ಟು ತಂಬಿಗೆ ನೀರು ಬೇಕೆಂದು ಇಬ್ಬರೂ ಮೊದಲು ಊಹಿಸಿ, ಆಮೇಲೆ ಎಣಿಸಿ ನೋಡಲಿ.

ಮಗ ಪೆನ್ಸಿಲ್ ಕಿತ್ತುಕೊಳ್ಳುವುದು ತಂಟೆಯಿಂದಲ್ಲ, ಅಕ್ಕನಿಗೆ ಸಿಗುತ್ತಿರುವ ನಿಮ್ಮ ಗಮನ ತನಗೂ ಬೇಕೆಂಬ ಆಸೆಯಿಂದ. ಆದ್ದರಿಂದ ಮೊದಲ 15 ನಿಮಿಷ ಪೂರ್ತಿ ಅವನೊಂದಿಗೇ ಕಳೆಯಿರಿ. ನಂತರ ಮೊರದಲ್ಲಿ ತೊಗರಿ, ಕಡಲೆ, ಹೆಸರುಕಾಳು ಬೆರೆಸಿ ಬೇರ್ಪಡಿಸಲು ಕೊಡಿ, ಅವನದೇ ಒಂದು ಪಾಟಿಯೂ ಬಳಪವೂ ಇರಲಿ. ಕಾಳುಗಳನ್ನು ಅವನು ಬಾಯಿಗಾಗಲಿ ಮೂಗಿಗಾಗಲಿ ಹಾಕಿಕೊಳ್ಳದಂತೆ ನಿಮ್ಮ ಕಣ್ಣೆದುರೇ ಕೂರಿಸಿಕೊಳ್ಳಿ.

ನಮ್ಮ ಭಾಗದ ಬಿಸಿಲಿಗೆ ತಕ್ಕಂತೆ ದಿನಚರಿಯೂ ಬದಲಾಗಬೇಕು. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನೇ ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವುದುಂಟು, ನೀವೂ ಆಗ 7ಕ್ಕೆ ಆರಂಭಿಸಿ, ಗೋಡೆಗಳು ಕಾಯುವ ಮುನ್ನ ಓದು ಬರಹ ಮುಗಿಸಿಬಿಡಿ. ಎಳ್ಳ ಅಮಾವಾಸ್ಯೆಯಂದು ಹೊಲಕ್ಕೆ ಚರಗ ಚೆಲ್ಲಲು ಹೋದರೆ ಪುಸ್ತಕ ಒಯ್ಯಬೇಡಿ. ಹೊಲದಲ್ಲಿ ನಿಂತ ಪೈರುಗಳನ್ನೂ ಭಜ್ಜಿಗೆ ಹಾಕಿದ ಕಾಳು, ಸೊಪ್ಪುಗಳನ್ನೂ ಮಗಳು ಗುರುತಿಸಿ ಹೆಸರಿಸಿದರೆ ಆ ದಿನದ ಪಾಠವಾದಂತೆಯೇ.

ನಿಮ್ಮ ಭಯದ ವಿಷಯಕ್ಕೆ ಬರುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆಂದು ಅದರ 10ನೆಯ ಕಲಮು ಹೇಳುವುದರಿಂದ ಆ ಮಾತನ್ನು ನೀವು ಹಗುರವಾಗಿ ಕಾಣಬಾರದು. ಇದುವರೆಗೆ ಶಾಲೆಗೆ ಸೇರದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು ಎಂದು 4ನೆಯ ಕಲಮು ಹೇಳುತ್ತದೆ; ಎಂದರೆ ಮುಂದೆ ಶಾಲೆಗೆ ಕಳುಹಿಸುವ ಬಾಗಿಲು ಮುಚ್ಚಿಲ್ಲ. ಇದಕ್ಕಾಗಿ ಒಂದು ನೋಟ್‌ಬುಕ್ ಇಡಿ. ರಾತ್ರಿ ಮಲಗುವ ಮುನ್ನ ದಿನಾಂಕ ಹಾಕಿ, ಮಗಳು ಓದಿದ ಪುಟ, ಮಾಡಿದ ಲೆಕ್ಕ, ಇಬ್ಬರೂ ಕೇಳಿದ ಪ್ರಶ್ನೆಗಳನ್ನು ಎರಡು ಸಾಲಿನಲ್ಲಿ ಬರೆಯಿರಿ. ಪಟ್ಟಿ ಮುರಿದುಬಿದ್ದ ಆ 10 ದಿನಗಳಲ್ಲಿ ಮಗಳು ಕಲಿತದ್ದು ನೆನಪಿದ್ದರೆ ಅದನ್ನೇ ಮೊದಲ ಪುಟದಲ್ಲಿ ದಾಖಲಿಸಿ.