ಕಾಫಿ ಕೊಯ್ಲಿನ ಹೊತ್ತಿಗೆ ಜರ್ಮನಿಗೆ? – ಪ್ರತಿಕ್ರಿಯೆ

ಕಾಲೇಜಿನಿಂದ ಒಂದು ಸೆಮಿಸ್ಟರ್ ಜರ್ಮನಿಗೆ ಹೋಗಲು ಹೆಸರು ಕೊಡೋದಾ ಬೇಡವಾ, ಅಪ್ಪ "ಕೊಯ್ಲಿನ ಟೈಮಲ್ಲೇ ಹೋಗ್ಬೇಕಾ" ಅಂತಾರೆ ಎಂದು ಕೇಳಿದ್ದೀರಿ.

ನಿಮ್ಮ ಅಪ್ಪ ಹೇಳೋದರಲ್ಲಿ ಅರ್ಥ ಇದೆ. ಅಲ್ಲಿನ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ಗೆ ಶುರು, ಪಾಠ ಫೆಬ್ರವರಿವರೆಗೂ ಇರುತ್ತೆ. ನಮ್ಮಲ್ಲಿ ನವೆಂಬರ್‌ನಲ್ಲಿ ಅರೇಬಿಕಾ ಕಾಫಿ ಕೊಯ್ಲು, ಅದರ ಬೆನ್ನಿಗೇ ಇನ್ನೊಂದು ತಳಿ ರೋಬಸ್ಟಾ. ಸಂಜೆ ಕಣದಲ್ಲಿ ಚೀಲ ತೂಗಿಸಿ ಯಾರದ್ದು ಎಷ್ಟು ಕೆಜಿ ಅಂತ ಬರೆಯೋಕೆ ಮನೆಯವರೊಬ್ಬರು ಬೇಕೇ ಬೇಕು. ಹಾಗಂತ ಅವಕಾಶ ಬಿಡಬೇಡಿ. ಬೇಸಿಗೆ ಸೆಮಿಸ್ಟರ್‌ಗೆ ಬದಲಾಯಿಸಿ ಕೊಡ್ತಾರಾ ಕೇಳಿ. ಅದು ಏಪ್ರಿಲ್‌ನಿಂದ, ಅಷ್ಟರಲ್ಲಿ ಕೊಯ್ಲು ಮುಗಿದಿರುತ್ತೆ. ಇಲ್ಲಿನ ಮಳೆಗಾಲವೂ ತಪ್ಪುತ್ತೆ, ಅದು ಲಾಭವೋ ನಷ್ಟವೋ ನೀವೇ ಹೇಳಿ!

ಆದರೆ ಹಣದ ಲೆಕ್ಕ ಬೇರೆ. ಸ್ಕಾಲರ್‌ಶಿಪ್ ಇಲ್ಲದಿದ್ದರೆ ವೀಸಾಕ್ಕೆ ಸಾಮಾನ್ಯವಾಗಿ ಬ್ಲಾಕ್ಡ್ ಅಕೌಂಟ್, ಅಂದರೆ ಅಲ್ಲಿನ ಖರ್ಚಿಗೆ ಮೊದಲೇ ಹಣ ಕಟ್ಟಿಟ್ಟ ಖಾತೆ, ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ತಿಂಗಳಿಗೆ 992 ಯೂರೋ ಲೆಕ್ಕ. ಅದು ಫೀಸಲ್ಲ, ನಿಮ್ಮದೇ ದುಡ್ಡು, ಅಲ್ಲಿಗೆ ಹೋದ ಮೇಲೆ ತಿಂಗಳು ತಿಂಗಳು ಸಿಗುತ್ತೆ. ಆದರೆ ವೀಸಾ ಅರ್ಜಿ ಹೊತ್ತಿಗೇ ಇಡಬೇಕು, ಅಂದರೆ ಈ ಸಲದ ಕಾಫಿ ಮಾರುವ ಮೊದಲೇ. ಬೆಲೆ ಏರಲಿ ಅಂತ ಗೋಡೌನಲ್ಲಿ ಹಳೇ ಚೆರಿ (ಒಣಗಿಸಿದ ಕಾಫಿ ಹಣ್ಣು) ಇಟ್ಟಿದ್ದರೆ ಆ ಮಾತು ಈಗಲೇ ಅಪ್ಪನ ಹತ್ತಿರ ಎತ್ತಿ.

ಇನ್ನೊಂದು, ಅಲ್ಲಿ ಓದಿದ ಪಾಠಕ್ಕೆ ಸಿಗುವ ಕ್ರೆಡಿಟ್ ಇಲ್ಲಿ ಯಾವ ಪೇಪರ್‌ಗೆ ಸೇರುತ್ತೆ ಅಂತ ಕಾಲೇಜಿನಿಂದ ಬರೆಸಿಕೊಳ್ಳಿ. "ಆಗುತ್ತೆ ಬಿಡಮ್ಮ" ಅಂದರೆ ಸಾಲದು, ಸೀಲು ಸಹಿ ಬೇಕು. ಅದು ಸಿಗುವವರೆಗೆ ಅಡ್ವಾನ್ಸ್ ಕಟ್ಟಬೇಡಿ.